ನಡುವಯಸ್ಸಿನ ಜಡತೆಗೆ ಸಮುರಾಯ್ ಶಿಸ್ತು: ಯಾವುದಾದ ಮೇಲೆ ಯಾವುದು

ಮಳೆಗಾಲಕ್ಕೆ ಮುಂಚೆ ಅಡಕೆ ತೋಟಕ್ಕೆ ಔಷಧಿ ಹೊಡೆಸಿದವರಿಗೆ ಈ ಸಂಗತಿ ಗೊತ್ತಿರುತ್ತದೆ. 100 ಲೀಟರ್ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಅಳತೆ ಮಲೆನಾಡಿನಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣದ ನೀರನ್ನು ಮೈಲುತುತ್ತಕ್ಕೆ ಸುರಿಯಬಾರದು. ಸಾಮಗ್ರಿ ಅದೇ, ಅಳತೆಯೂ ಅದೇ. ಕ್ರಮ ತಿರುಗುಮುರುಗಾದರೆ ಮಾತ್ರ ದ್ರಾವಣ ಹದಗೆಟ್ಟು ತಳಕ್ಕಿಳಿಯುತ್ತದೆ.

ನಲವತ್ತೈದರ ಆಚೀಚೆ ಮನಸ್ಸು ಮಂಕಾದಾಗ ಜಪಾನಿನ ಸಮುರಾಯ್ ಯೋಧರ ಶಿಸ್ತನ್ನು ಅನುಸರಿಸಿ ಮೇಲೇಳಬೇಕೆಂದು ಹೊರಟು ಸೋತವರಲ್ಲಿ ನಾನು ಕಂಡದ್ದು ಇದೇ ತಪ್ಪು. ಅವರು ಆರಿಸಿಕೊಂಡ ಸೂತ್ರಗಳು ಕೆಟ್ಟವಲ್ಲ, ಕ್ರಮ ಕೆಟ್ಟಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ತಣ್ಣೀರು ಸ್ನಾನ, ಗೋಡೆಯ ಮೇಲೆ ಪ್ರತಿಜ್ಞೆ ಎಂದು ಕೊನೆಯಲ್ಲಿ ಬರಬೇಕಾದದ್ದನ್ನು ಮೊದಲ ದಿನವೇ ಮಾಡಿಬಿಡುತ್ತಾರೆ. ನಲವತ್ತಾರರಲ್ಲಿ ನಾನು ಮಾಡಿದ್ದೂ ಇದನ್ನೇ. ಆಷಾಢದ ಮಳೆಯಲ್ಲಿ ಎಂಟು ದಿನ ತಣ್ಣೀರು ಸುರಿದುಕೊಂಡೆ. ಒಂಬತ್ತನೆಯ ದಿನ ಕೆಮ್ಮು, ಹತ್ತನೆಯ ದಿನ ಎಂಟು ಗಂಟೆಯವರೆಗೆ ಹಾಸಿಗೆ. ಇದೂ ನನ್ನಿಂದ ಆಗಲಿಲ್ಲ ಎಂಬ ಹೊಸ ಕೊರಗೊಂದು ಹಳೆಯವುಗಳ ಸಾಲಿಗೆ ಸೇರಿಕೊಂಡಿತು.

ಜಡತೆ ಎಂದು ಇಲ್ಲಿ ಹೇಳುತ್ತಿರುವುದು ದೊಡ್ಡ ದುಃಖವನ್ನಲ್ಲ. ಸಂಬಳ ಬರುತ್ತಿರುತ್ತದೆ, ಅಡಕೆ ಮಂಡಿಗೆ ಹೋಗುತ್ತಿರುತ್ತದೆ, ಮದುವೆ ಮನೆಯಲ್ಲಿ ನಗುತ್ತಲೂ ಇರುತ್ತೀರಿ. ಆದರೆ ಮಾಡುವ ಯಾವ ಕೆಲಸದಲ್ಲಿಯೂ ಮನಸ್ಸು ಕೂರುವುದಿಲ್ಲ, ನಾಳೆ ಎಂಬುದು ಇವತ್ತಿನ ನಕಲಿನಂತೆ ಕಾಣುತ್ತದೆ. ಈ ಮಾರ್ಗದರ್ಶಿ ಆ ಸ್ಥಿತಿಗೆ ಮಾತ್ರ ಅನ್ವಯಿಸುತ್ತದೆ.

## ಬೇಕಾಗುವ ಸಾಮಗ್ರಿ

200 ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಗೋಡೆ ಗಡಿಯಾರ, ನಿಮ್ಮ ದಿನನಿತ್ಯದ ಕೆಲಸದ ಒಂದು ಉಪಕರಣ, ಮುಖ ನೋಡಿ ಮಾತಾಡದ, ಅಂದರೆ ಮುಲಾಜಿಲ್ಲದೆ ಇದ್ದದ್ದನ್ನು ಹೇಳುವ ಒಬ್ಬ ಮನುಷ್ಯ. ಕಾಲಾವಧಿ 12 ವಾರ. ಮರದ ಕತ್ತಿ, ಕಪ್ಪು ನಿಲುವಂಗಿ, ಜಪಾನಿ ಅಕ್ಷರದ ಫಲಕ ಇವು ಯಾವುವೂ ಬೇಡ. ಹಣ ಖರ್ಚು ಮಾಡಿದ ಕೂಡಲೇ ಅರ್ಧ ಕೆಲಸ ಮುಗಿಯಿತೆಂಬ ಭ್ರಮೆ ಹುಟ್ಟುತ್ತದೆ. ಆ ಭ್ರಮೆಯಲ್ಲಿಯೇ ಹಲವರು ನಿಂತುಬಿಡುತ್ತಾರೆ.

ಮುಂದೆ ಬರುವ ಮಾತುಗಳಲ್ಲಿ ಕೆಲವು ‘ಹಗಕುರೆ’ ಎಂಬ ಸಮುರಾಯ್ ನುಡಿಗಳ ಸಂಗ್ರಹದವು. ಅವನ್ನು ಹೇಳಿದ ಯಮಾಮೊಟೊ ತ್ಸುನೆತೊಮೊ (1659–1719) ಯುದ್ಧಭೂಮಿ ಕಂಡವನಲ್ಲ; 1700ರಲ್ಲಿ ಒಡೆಯ ತೀರಿಕೊಂಡಾಗ ನಲವತ್ತರ ಹೊಸ್ತಿಲಲ್ಲಿ ಕೆಲಸವಿಲ್ಲದೆ ಉಳಿದವನು. ಹಾಗಾಗಿ ಅವನ ಮಾತಿನಲ್ಲಿ ಕತ್ತಿಯ ಝಳಪಿಗಿಂತ ದಿನ ಕಳೆಯುವ ರೀತಿಯ ವಿಚಾರ ನಮಗೆ ಹೆಚ್ಚು ಒದಗಿಬರುತ್ತದೆ.

## ಹಂತ 1: ಮೊದಲು ದೇಹವನ್ನು ತೋರಿಸಿ (ಮೊದಲನೆಯ ವಾರ)

ಥೈರಾಯ್ಡ್, ರಕ್ತದ ಸಕ್ಕರೆ, ಹಿಮೋಗ್ಲೋಬಿನ್, ಬಿ12 ಇಷ್ಟನ್ನು ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕುಂದಿದಾಗಲೂ ಬಿ12 ಕೊರತೆಯಾದಾಗಲೂ ಬರುವ ಆಯಾಸ, ಮರೆವು, ನಿರುತ್ಸಾಹಗಳು ಜಡತೆಯಂತೆಯೇ ಕಾಣುತ್ತವೆ, ಮತ್ತು ಅವಕ್ಕೆ ತತ್ತ್ವಶಾಸ್ತ್ರವಲ್ಲ, ಮಾತ್ರೆ ಬೇಕು. ಮುಟ್ಟು ನಿಲ್ಲುವ ಕಾಲದಲ್ಲಿರುವ ಹೆಂಗಸರು ನಿದ್ದೆಗೇಡು ಮತ್ತು ಸಿಡುಕನ್ನು ಸ್ವಭಾವದ ದೋಷವೆಂದುಕೊಳ್ಳದೆ ವೈದ್ಯರ ಬಳಿ ಹೇಳಬೇಕು.

ಎಚ್ಚರಿಕೆಯ ಚಿಹ್ನೆಗಳು ಇವು: ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಹಸಿವು ನಿದ್ದೆಗಳೆರಡೂ ಕೆಡುವುದು, ಕುಡಿತ ಹೆಚ್ಚುವುದು, ಬದುಕಿ ಪ್ರಯೋಜನವಿಲ್ಲವೆಂಬ ಯೋಚನೆ ಸುಳಿಯುವುದು. ಇವುಗಳಲ್ಲಿ ಕೊನೆಯದೊಂದೇ ಇದ್ದರೂ ಈ ಬರಹವನ್ನು ಬದಿಗಿಟ್ಟು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಅದೇ ದಿನ ಕಾಣಿ. ಕರೆ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಇದು ಅಂಜುಬುರುಕರ ದಾರಿ ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ. ಅವರ ಮಾತಿಗೆ ಕಿವಿಗೊಡಬೇಡಿ.

## ಹಂತ 2: ನೆನೆಯಲು ಒಪ್ಪುವುದು (ಎರಡನೆಯ ವಾರ, ಮೂರು ಸಂಜೆ)

ದಾರಿಯಲ್ಲಿ ದಿಢೀರನೆ ಮಳೆ ಬಂದಾಗ ಜನ ಸೂರಿನಿಂದ ಸೂರಿಗೆ ಓಡುತ್ತಾರೆ, ಆದರೂ ನೆನೆಯುತ್ತಾರೆ. ನೆನೆಯುವುದೇ ಸರಿ ಎಂದು ಮೊದಲೇ ನಿಶ್ಚಯಿಸಿದವನೂ ಅಷ್ಟೇ ನೆನೆಯುತ್ತಾನೆ, ಆದರೆ ಗಲಿಬಿಲಿಗೊಳ್ಳುವುದಿಲ್ಲ ಎಂಬ ಅರ್ಥದ ಮಾತೊಂದು ಹಗಕುರೆಯಲ್ಲಿದೆ. ಆಗುಂಬೆ, ಹೊಸನಗರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗಿಳಿದವನು ಮಳೆ ನಿಲ್ಲಲಿ ಎಂದು ಆಕಾಶ ನೋಡುತ್ತ ನಿಲ್ಲುವುದಿಲ್ಲ.

ಮೊದಲ ಸಂಜೆ ನೋಟ್‌ಬುಕ್ಕಿನಲ್ಲಿ ‘ಇನ್ನು ಆಗದು’ ಎಂಬ ತಲೆಬರಹದಡಿ ಕಳೆದುಹೋದವುಗಳನ್ನು ಬರೆಯಿರಿ: ಸಿಗದ ಬಡ್ತಿ, ಹಿಸ್ಸೆಯಲ್ಲಿ ಕೈಬಿಟ್ಟ ನೀರಿನಾಶ್ರಯದ ತೋಟ, ಊರಿಗೆ ಬಂದು ನೆಲೆಸದ ಮಗ, ಕೊಡಚಾದ್ರಿ ಹತ್ತಲಾಗದ ಮಂಡಿ. ಒಂದಕ್ಕೆ ಒಂದೇ ಸಾಲು. ಎರಡನೆಯ ಸಂಜೆ ಪ್ರತಿ ಸಾಲಿನ ಎದುರಿಗೆ ‘ನೆನೆದಾಗಿದೆ’ ಅಥವಾ ‘ಬರೀ ಮೋಡ’ ಎಂದು ಗುರುತು ಹಾಕಿ. ಹತ್ತರಲ್ಲಿ ಮೂರು ನಾಲ್ಕು ಬರೀ ಮೋಡವಾಗಿರುತ್ತವೆ, ಅಂದರೆ ಅವು ಇನ್ನೂ ನಡೆದೇ ಇಲ್ಲ, ನಡೆಯಬಹುದೆಂಬ ಹೆದರಿಕೆ ಮಾತ್ರ ಇದೆ. ಮೂರನೆಯ ಸಂಜೆ ‘ನೆನೆದಾಗಿದೆ’ ಎಂದಿರುವವನ್ನು ಮಾತ್ರ ಒಮ್ಮೆ ಗಟ್ಟಿಯಾಗಿ ಓದಿ, ಪುಟವನ್ನು ಪಿನ್ನು ಹಾಕಿ ಮುಚ್ಚಿ. ಹನ್ನೆರಡನೆಯ ವಾರದವರೆಗೆ ಅದನ್ನು ತೆರೆಯಬೇಡಿ.

ಸಾಮಾನ್ಯ ತಪ್ಪು ಎಂದರೆ ಪಟ್ಟಿಯಲ್ಲಿ ಜನರ ಹೆಸರು ಬರೆಯುವುದು. ಹೆಸರು ಬಂದ ಕೂಡಲೇ ಅದು ಪಟ್ಟಿಯಾಗಿ ಉಳಿಯದೆ ದೂರು ಅರ್ಜಿಯಾಗುತ್ತದೆ. ಅಂಥ ಸಾಲು ಕಂಡರೆ ಹೊಡೆದುಹಾಕಿ ಮತ್ತೆ ಬರೆಯಿರಿ. ಇನ್ನೊಂದು ತಪ್ಪು ಸೂಕ್ಷ್ಮವಾದದ್ದು. ಹೆಸರಾಂತ ಕತ್ತಿವರಸೆಗಾರ ಮಿಯಾಮೊಟೊ ಮುಸಾಶಿ 1645ರಲ್ಲಿ, ಸಾಯುವ ಕೆಲವೇ ದಿನ ಮೊದಲು ಬರೆದಿಟ್ಟ 21 ಸೂತ್ರಗಳಲ್ಲಿ, ತಾನು ಮಾಡಿದ್ದರ ಬಗ್ಗೆ ಪಶ್ಚಾತ್ತಾಪಪಡುವುದಿಲ್ಲ ಎಂಬುದೊಂದು. ಇದನ್ನು ಓದಿದವರು ತಪ್ಪುಗಳನ್ನು ನೋಡಲೇಬಾರದು ಎಂದುಕೊಳ್ಳುತ್ತಾರೆ. ನನ್ನ ತಿಳಿವಳಿಕೆಯಲ್ಲಿ ಲೆಕ್ಕ ನೋಡುವುದು ಬೇರೆ, ಕೊರಗುವುದು ಬೇರೆ. ಲೆಕ್ಕ ಮೂರು ಸಂಜೆಗೆ ಮುಗಿಯುತ್ತದೆ, ಕೊರಗಿಗೆ ಮುಗಿತಾಯವಿಲ್ಲ. ಆದ್ದರಿಂದಲೇ ನಾಲ್ಕನೆಯ ಸಂಜೆ ಬೇಡ.

## ಹಂತ 3: ಒಂದು ಉಪಕರಣ, ಹದಿನೈದು ನಿಮಿಷ (21 ದಿನ)

ಇಡೀ ಕ್ರಮದಲ್ಲಿ ಭಾರ ಹೊರುವ ಕಂಬ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಕೊಯ್ಲಿನ ಕಾಲದಲ್ಲಿ ನಮ್ಮ ಕೇರಿಯ ಅಜ್ಜಿಯೊಬ್ಬರು ರಾತ್ರಿ ಊಟವಾದ ಮೇಲೆ ಅಡಕೆ ಸುಲಿಯಲು ಕೂರುತ್ತಾರೆ. ಕೂರುವ ಮೊದಲು ಮೆಟ್ಟುಗತ್ತಿಯ ಅಲಗಿಗೆ ಕಲ್ಲಿನ ಚೂರನ್ನು ಏಳೆಂಟು ಸಲ ಎಳೆಯುತ್ತಾರೆ, ಹಳೆಯ ಸೀರೆಯ ತುಂಡಿನಿಂದ ಒರೆಸುತ್ತಾರೆ, ಚೊಗರಿನಿಂದ ಕಪ್ಪಾದ ಹೆಬ್ಬೆರಳಿನ ಉಗುರಿಗೆ ಅಲಗನ್ನು ತಾಗಿಸಿ ನೋಡುತ್ತಾರೆ. ಜ್ವರ ಬಿಟ್ಟ ಮಾರನೆಯ ದಿನವೂ ಇದೇ, ಮಗನೊಡನೆ ಜಗಳವಾಡಿದ ದಿನವೂ ಇದೇ. ದಿನಾ ಮಸೆಯಬೇಕೇ ಎಂದು ಒಮ್ಮೆ ಕೇಳಿದೆ. “ಮನ್ಸು ಬಂದ್ಮೇಲೆ ಮಸಿತೀನಿ ಅಂತ ಕೂತ್ರೆ ಅಡ್ಕೆ ಕಾಯ್ತದೇನೋ ತಮ್ಮಾ?” ಎಂದರು.

ಶಾಂತಿಕಾಲದ ಸಮುರಾಯ್‌ಗಳ ದಿನಚರಿಯೂ ಇದಕ್ಕಿಂತ ದೂರದ್ದಲ್ಲ. ಹಿಂದಿನ ತಲೆಮಾರಿನವರು ಪ್ರತಿ ಬೆಳಿಗ್ಗೆ ಮಿಂದು, ಮುಂದಲೆ ಬೋಳಿಸಿ, ಕೂದಲಿಗೆ ಸುಗಂಧ ಹಚ್ಚಿ, ಉಗುರು ಕತ್ತರಿಸಿ, ಅದನ್ನು ಹಗುರಗಲ್ಲಿನಿಂದಲೂ ಆಮೇಲೆ ಪುಳ್ಳಂಪುರಚಿ ಜಾತಿಯ ಸೊಪ್ಪಿನಿಂದಲೂ ಉಜ್ಜುತ್ತಿದ್ದರು, ಆಯುಧಕ್ಕೆ ತುಕ್ಕು ಹಿಡಿಯಗೊಡುತ್ತಿರಲಿಲ್ಲ ಎಂದು ಹಗಕುರೆ ಹೇಳುತ್ತದೆ. ಯುದ್ಧವೇ ಇಲ್ಲದ ಕಾಲದಲ್ಲಿ ಕತ್ತಿಯನ್ನು ಒರೆಸಿಡುವುದರಲ್ಲಿ ನಾಳೆ ಏನಾದೀತು ಎಂಬ ಲೆಕ್ಕಾಚಾರವಿಲ್ಲ. ಜಡತೆಯಲ್ಲಿರುವವರಿಗೆ ಬೇಕಾದದ್ದು ಇಂಥದೇ ಕೆಲಸ, ಏಕೆಂದರೆ ಫಲದ ಮೇಲಿನ ನಂಬಿಕೆ ಹೋಗಿರುವುದೇ ಅವರ ತೊಂದರೆ.

ಮಾಡುವ ರೀತಿ ಹೀಗೆ. ಈಗಾಗಲೇ ನಿಮ್ಮ ಕೈಯಲ್ಲಿರುವ ಒಂದೇ ಉಪಕರಣವನ್ನು ಆರಿಸಿ: ಗುಮಾಸ್ತರಾಗಿದ್ದರೆ ಮೇಜಿನ ಒಂದು ಖಾನೆ, ಶಿಕ್ಷಕರಾಗಿದ್ದರೆ ಪಾಠದ ಟಿಪ್ಪಣಿ, ಚಾಲಕರಾಗಿದ್ದರೆ ಬಸ್ಸಿನ ಮುಂದಿನ ಗಾಜು, ಅಡುಗೆಮನೆಯ ಹೊಣೆ ಹೊತ್ತವರಾಗಿದ್ದರೆ ಈಳಿಗೆಮಣೆ, ಕೃಷಿಕರಾಗಿದ್ದರೆ ಕತ್ತಿ. ಮೊಬೈಲ್ ಲೆಕ್ಕಕ್ಕಿಲ್ಲ. ದಿನವೂ ಒಂದೇ ಹೊತ್ತಿಗೆ, ಗಡಿಯಾರ ನೋಡಿ 15 ನಿಮಿಷ ಅದನ್ನು ಶುಚಿ ಮಾಡಿ, ಹರಿತ ಮಾಡಿ, ಸರಿಪಡಿಸಿ. ಸಮಯ ಮುಗಿದಾಗ ಕೆಲಸ ಅರ್ಧವಾಗಿದ್ದರೂ ನಿಲ್ಲಿಸಿ. ನೋಟ್‌ಬುಕ್ಕಿನಲ್ಲಿ ತಾರೀಕು ಮತ್ತು ಒಂದು ಗೆರೆ. ಅದಕ್ಕಿಂತ ಹೆಚ್ಚು ಬರೆಯಬೇಡಿ.

ಒಂದು ದಿನ ತಪ್ಪಿದರೆ ಮಾರನೆಯ ದಿನ 30 ನಿಮಿಷ ಮಾಡಬೇಡಿ, 15 ನಿಮಿಷವನ್ನೇ ಮಾಡಿ. ಬಾಕಿ ತೀರಿಸುವ ಲೆಕ್ಕ ಶುರುವಾದರೆ ಇದೂ ಸಾಲವಾಗಿ ಬೆನ್ನಿಗೆ ಬೀಳುತ್ತದೆ. ಎರಡು ದಿನ ಸತತ ತಪ್ಪಿದರೆ ಮಾತ್ರ ಎಣಿಕೆಯನ್ನು ಒಂದರಿಂದ ಆರಂಭಿಸಿ.

ಇಲ್ಲಿ ಜನ ಜಾರುವ ಜಾಗಗಳು ಹಲವು. ಹೊಸ ಉಪಕರಣ ಕೊಳ್ಳುವುದು. ವಾರಕ್ಕೊಂದು ಬದಲಿಸುವುದು. ಫೋಟೊ ತೆಗೆದು ಬಂಧುಗಳ ಗುಂಪಿಗೆ ಹಾಕುವುದು. ಎಲ್ಲಕ್ಕಿಂತ ಮೋಸದ್ದು, 15 ನಿಮಿಷ ಎರಡು ಗಂಟೆಗೆ ಬೆಳೆಯುವುದು. ಹಾಗೆ ಬೆಳೆದರೆ ನೀವು ಶುಚಿ ಮಾಡುತ್ತಿಲ್ಲ, ಬೇರೆ ಯಾವುದೋ ಕೆಲಸದಿಂದ ಅಡಗಿಕೊಂಡಿದ್ದೀರಿ ಎಂದೇ ಅರ್ಥ. ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಗುರುತು ಈ ಹಂತದ ಎರಡನೆಯ ವಾರದ ಹೊತ್ತಿಗೆ ಕಾಣುತ್ತದೆ: ಖಾನೆಯ ಪಕ್ಕದ ಖಾನೆ, ಗಾಜಿನ ಪಕ್ಕದ ಕನ್ನಡಿ ಕಣ್ಣಿಗೆ ಚುಚ್ಚತೊಡಗುತ್ತದೆ. ಚುಚ್ಚಲಿ, ಕೈ ಹಾಕಬೇಡಿ. 21 ದಿನ ಮುಗಿಯುವವರೆಗೆ ಆ ಹಸಿವು ಉಳಿದಿರುವುದು ಒಳ್ಳೆಯದು.

## ಹಂತ 4: ಮತ್ತೆ ಶಿಷ್ಯನಾಗುವುದು (ಐದರಿಂದ ಹತ್ತನೆಯ ವಾರ)

ಜಪಾನಿನ ಕಲಾಭ್ಯಾಸದಲ್ಲಿ ಮೂರು ಮಜಲುಗಳನ್ನು ಹೇಳುತ್ತಾರೆ. ‘ಶು’ ಎಂದರೆ ಗುರು ಹೇಳಿದ್ದನ್ನು ಹಾಗೆಯೇ ಪಾಲಿಸುವುದು, ‘ಹ’ ಎಂದರೆ ಅದನ್ನು ಮುರಿದು ನೋಡುವುದು, ‘ರಿ’ ಎಂದರೆ ಅದರಾಚೆಗೆ ನಡೆಯುವುದು. ನಮಗೆ ಈ ಆರು ವಾರಗಳಲ್ಲಿ ‘ಶು’ ಒಂದೇ ಸಾಕು.

ಏನೂ ಗೊತ್ತಿಲ್ಲದ ಒಂದು ವಿದ್ಯೆಯನ್ನು ಹುಡುಕಿ, ಕಲಿಸುವವರ ಎದುರು ಕುಳಿತು ವಾರಕ್ಕೆ ಎರಡು ದಿನ ಕಲಿಯಿರಿ. ಯಕ್ಷಗಾನದ ಮದ್ದಳೆಯಾಗಬಹುದು, ಹಸೆ ಚಿತ್ತಾರವಾಗಬಹುದು, ಈಜಾಗಬಹುದು, ಕಸಿ ಕಟ್ಟುವುದಾಗಬಹುದು. ವಿಡಿಯೊ ನೋಡಿ ಕಲಿಯುವುದನ್ನು ನಾನು ಒಪ್ಪುವುದಿಲ್ಲ. ತಪ್ಪಿದಾಗ ಇನ್ನೊಬ್ಬರ ಎದುರು ತಪ್ಪುವುದೇ ಇಲ್ಲಿಯ ಮದ್ದು. ಇಪ್ಪತ್ತು ವರ್ಷದಿಂದ ‘ಸಾರ್’, ‘ಮೇಡಂ’ ಎಂದು ಕರೆಸಿಕೊಂಡವರಿಗೆ ಹದಿನಾಲ್ಕರ ಹುಡುಗನ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ‘ಧೀಂ’ ಸರಿಯಾಗಿ ಬರದೆ ಪೆಚ್ಚಾಗುವುದು ಕಷ್ಟ. ಮೂರನೆಯ ತರಗತಿಗೆ ತಪ್ಪಿಸಿಕೊಳ್ಳಲು ಒಂದು ಗಟ್ಟಿ ನೆಪ ಹುಟ್ಟಿಕೊಳ್ಳುತ್ತದೆ. ಅದನ್ನು ಈಗಲೇ ನಿರೀಕ್ಷಿಸಿಟ್ಟುಕೊಳ್ಳಿ.

ಇನೊ ತದತಕ ಹುಟ್ಟಿನಿಂದ ಸಮುರಾಯ್ ಅಲ್ಲ, ಮದ್ಯ ತಯಾರಿಸುವ ಮನೆತನದ ವರ್ತಕ. ವ್ಯಾಪಾರವನ್ನು ಮಗನಿಗೊಪ್ಪಿಸಿ, 1795ರಲ್ಲಿ ಐವತ್ತರ ವಯಸ್ಸಿನಲ್ಲಿ ಎಡೊ (ಇಂದಿನ ಟೋಕಿಯೊ) ನಗರಕ್ಕೆ ಹೋಗಿ ತನಗಿಂತ 19 ವರ್ಷ ಚಿಕ್ಕವನಾದ ತಕಹಶಿ ಯೊಶಿತೊಕಿಯ ಬಳಿ ಖಗೋಳಶಾಸ್ತ್ರ ಕಲಿಯಲು ಕುಳಿತ. 1800ರಲ್ಲಿ ಜಪಾನಿನ ಕರಾವಳಿಯನ್ನು ಅಳೆಯಲು ಹೊರಟ. ಕೆಲಸದ ಮನ್ನಣೆಯಾಗಿ ಕುಲನಾಮ ಮತ್ತು ಕತ್ತಿ ಧರಿಸುವ ಅಧಿಕಾರ ದೊರೆಯಿತು. ನಕ್ಷೆ ಪೂರ್ಣಗೊಂಡದ್ದು 1821ರಲ್ಲಿ, ಅವನು ತೀರಿಕೊಂಡು ಮೂರು ವರ್ಷದ ಮೇಲೆ. ನೀವು ನಕ್ಷೆಯ ಯೋಚನೆ ಬಿಡಿ, ಚಿಕ್ಕವನ ಎದುರು ಕುಳಿತ ಆ ಮೊದಲ ದಿನವನ್ನಷ್ಟೇ ತೆಗೆದುಕೊಳ್ಳಿ.

ಎಚ್ಚರಿಕೆಯ ಚಿಹ್ನೆ: ಕಲಿಕೆಯ ನಾಲ್ಕನೆಯ ವಾರಕ್ಕೇ ಗುರುವಿಗೆ ಸಲಹೆ ಕೊಡಲಾರಂಭಿಸಿದರೆ ‘ಶು’ ಬಿಟ್ಟುಹೋಗಿದೆ.

## ಹಂತ 5: ಏಳು ಉಸಿರಿನ ತೀರ್ಮಾನ (ಎಂಟನೆಯ ವಾರದಿಂದ)

ತೀರ್ಮಾನವನ್ನು ಏಳು ಉಸಿರಿನೊಳಗೆ ಮಾಡಬೇಕೆಂಬ ಹಳೆಯ ಮಾತನ್ನು ಹಗಕುರೆ ಎತ್ತಿ ಹೇಳುತ್ತದೆ. ಜಡತೆಯಲ್ಲಿ ನೂರು ಸಣ್ಣ ತೀರ್ಮಾನಗಳು ಕೊಳೆಯುತ್ತ ಬಿದ್ದಿರುತ್ತವೆ: ಸೋರುವ ನಲ್ಲಿ, ಉತ್ತರಿಸದ ಫೋನು, ಹಲ್ಲಿನ ವೈದ್ಯರು, ಪಹಣಿಯಲ್ಲಿ ತಪ್ಪಾದ ಹೆಸರು. ಬೆಳಿಗ್ಗೆ ಇವುಗಳಲ್ಲಿ ಒಂದನ್ನು ಆರಿಸಿ, ಕಣ್ಮುಚ್ಚಿ ಏಳು ಉಸಿರು ಎಣಿಸಿ, ‘ಮಾಡುತ್ತೇನೆ’ ಅಥವಾ ‘ಬಿಟ್ಟೆ’ ಎಂದು ಹೇಳಿ. ‘ನೋಡೋಣ’ ಎಂಬ ಮೂರನೆಯ ಉತ್ತರ ಇಲ್ಲ. ‘ಬಿಟ್ಟೆ’ ಎನ್ನುವುದೂ ತೀರ್ಮಾನವೇ.

ಈ ಹಂತ ಅಪಾಯಕಾರಿಯೂ ಹೌದು. ತೋಟ ಮಾರುವುದು, ಕೆಲಸಕ್ಕೆ ರಾಜೀನಾಮೆ, ಸಂಸಾರ ಒಡೆಯುವುದು, ಸಾಲ ಮಾಡಿ ಹೋಂಸ್ಟೇ ಕಟ್ಟುವುದು, ಇವು ಯಾವುವೂ ಏಳು ಉಸಿರಿನ ವಿಷಯಗಳಲ್ಲ. ದೊಡ್ಡ ಸಂಗತಿಗಳು ಬದುಕಿನಲ್ಲಿ ಎರಡು ಮೂರಷ್ಟೇ ಇರುತ್ತವೆ, ಅವನ್ನು ದಿನನಿತ್ಯದ ಬಿಡುವಿನಲ್ಲಿ ಮೊದಲೇ ಯೋಚಿಸಿಟ್ಟಿರಬೇಕು ಎಂಬ ಅರ್ಥದ ಮಾತು ಅದೇ ಹಗಕುರೆಯಲ್ಲಿದೆ. ಓದುವವರು ಏಳು ಉಸಿರನ್ನು ನೆನಪಿಟ್ಟುಕೊಂಡು ಇದನ್ನು ಮರೆಯುತ್ತಾರೆ. 12 ವಾರ ಮುಗಿಯುವವರೆಗೆ ಹಿಂದಿರುಗಿಸಲಾಗದ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

## ಹಂತ 6: ಝಾನ್ಶಿನ್ (ಹತ್ತನೆಯ ವಾರದಿಂದ)

ಜಪಾನಿನ ಕತ್ತಿವರಸೆಯ ಆಟವಾದ ಕೆಂಡೊ ಪಂದ್ಯದಲ್ಲಿ ಪೆಟ್ಟು ಸರಿಯಾಗಿ ಬಿದ್ದರೂ, ಬಿದ್ದ ಮೇಲೆ ಎಚ್ಚರ ಸಡಿಲಿಸಿದರೆ ಅಂಕ ಸಿಗುವುದಿಲ್ಲ. ಮುಗಿದ ಮೇಲೂ ಉಳಿಯುವ ಈ ಎಚ್ಚರಕ್ಕೆ ಝಾನ್ಶಿನ್ ಎಂದು ಹೆಸರು. ಔಷಧಿ ಹೊಡೆದು ಮುಗಿಸಿದ ಸಂಜೆಯೇ ಸ್ಪ್ರೇಯರನ್ನು ತೊಳೆಯದಿದ್ದರೆ ಮೈಲುತುತ್ತ ಅದರ ಲೋಹವನ್ನು ತಿನ್ನುತ್ತದೆಯಲ್ಲ, ಅಲ್ಲಿ ತೊಳೆಯುವವನ ಮನಸ್ಸು ಹೇಗಿರಬೇಕೋ ಹಾಗೆ. ದಿನದ ಕೊನೆಯ ಕೆಲಸವಾದ ಮೇಲೆ ಕೂಡಲೇ ಫೋನು ಹಿಡಿಯದೆ ಐದು ನಿಮಿಷ ಅಲ್ಲಿಯೇ ಕುಳಿತು, ತೆಗೆದದ್ದನ್ನು ತೆಗೆದಲ್ಲಿಯೇ ಇಡಿ. ಇಷ್ಟೇ. ಬೇಗ ಏಳಬೇಕೆಂಬ ಆಸೆ ಇದ್ದವರು ಈಗ, ಹತ್ತನೆಯ ವಾರದ ನಂತರ, ಏಳುವ ಹೊತ್ತನ್ನು ದಿನಕ್ಕೆ ಹತ್ತು ನಿಮಿಷದಂತೆ ಹಿಂದಕ್ಕೆ ಸರಿಸಬಹುದು. ತಣ್ಣೀರನ್ನು ನಾನಂತೂ ಮತ್ತೆ ಮುಟ್ಟಿಲ್ಲ.

## ಕೈಬಿಡಬೇಕಾದವು

ಪ್ರತಿ ಬೆಳಿಗ್ಗೆ ಸ್ವಂತ ಸಾವನ್ನು ಕಲ್ಪಿಸಿಕೊಳ್ಳುವ ಧ್ಯಾನ ಆ ಪರಂಪರೆಯಲ್ಲಿದೆ. ಮನಸ್ಸು ಕುಗ್ಗಿರುವಾಗ ಅದನ್ನು ಮಾಡಲೇಬಾರದು. ಒಡೆಯನ ಹಿಂದೆ ಪ್ರಾಣ ಬಿಡುವ ನಿಷ್ಠೆಯ ಕಥೆಗಳನ್ನೂ ಬಿಡಿ. ತ್ಸುನೆತೊಮೊನ ಸಂಸ್ಥಾನವೇ ಅದನ್ನು ನಿಷೇಧಿಸಿತ್ತು, ಅವನು ತಲೆ ಬೋಳಿಸಿಕೊಂಡು ಸನ್ಯಾಸಿಯಾಗಿ ಇನ್ನೂ 19 ವರ್ಷ ಬದುಕಿದ. ಕೈಜೆನ್ ಎಂಬ, ಕೆಲಸವನ್ನು ಸಣ್ಣಸಣ್ಣದಾಗಿ ಸುಧಾರಿಸುತ್ತ ಹೋಗುವ ವಿಧಾನವನ್ನು ಇದರ ಜೊತೆ ಬೆರೆಸಬೇಡಿ, ಅದು ಎರಡನೆಯ ಮಹಾಯುದ್ಧದ ನಂತರದ ಕಾರ್ಖಾನೆಗಳಲ್ಲಿ ಬೆಳೆದದ್ದು. ಕಚೇರಿಯಲ್ಲಿ ಮೇಲಿನವರು ಮಾಡುವ ಅನ್ಯಾಯವನ್ನು ಸಹಿಸಿಕೊಳ್ಳಲು ಸಮುರಾಯ್ ನಿಷ್ಠೆಯನ್ನು ನೆಪ ಮಾಡಿಕೊಳ್ಳುವುದು ಕೂಡ ಬೇಡ.

## ಹಂತ 7: ಕತ್ತಿ ಅದ್ದಿ ನೋಡುವುದು (ಹನ್ನೆರಡನೆಯ ವಾರದ ಕೊನೆ)

ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ಹೊಳೆಯುವ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದುತ್ತಾರೆ. ಅಲಗು ಹಾಗೆಯೇ ಹೊರಬಂದರೆ ಸರಿ. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ದ್ರಾವಣದ ಬಣ್ಣ ನೋಡಿ ತೀರ್ಮಾನಿಸುವವರು ಮೋಸಹೋಗುತ್ತಾರೆ.

ಇಲ್ಲಿ ನಿಮ್ಮ ಕತ್ತಿ ಆ ಮುಖ ನೋಡಿ ಮಾತಾಡದ ಮನುಷ್ಯ. “ನಾನು ಬದಲಾಗಿದ್ದೇನೆಯೇ?” ಎಂದು ಕೇಳಬೇಡಿ, ಆ ಪ್ರಶ್ನೆಗೆ ಎಲ್ಲರೂ ಹೌದೆಂದೇ ಹೇಳುತ್ತಾರೆ. “ಕಳೆದ ತಿಂಗಳು ನಾನು ಯಾವ ಕೆಲಸವನ್ನು ಹೇಳಿಸಿಕೊಳ್ಳದೆ ಮಾಡಿದೆ?” ಎಂದು ಕೇಳಿ, ಉತ್ತರ ಬರುವವರೆಗೆ ನಡುವೆ ಬಾಯಿ ಹಾಕಬೇಡಿ. ನನ್ನ ಹೆಂಡತಿ ಈ ಪ್ರಶ್ನೆಗೆ ಬಹಳ ಹೊತ್ತು ಯೋಚಿಸಿ, “ಉಣುಗೋಲಿನ ಮೊಳೆ ಹೊಡೆದ್ರಿ” ಎಂದಳು. ನಾನು ಅದನ್ನು ಮರೆತೇಬಿಟ್ಟಿದ್ದೆ. ಹೀಗೆ ನಿಮಗೇ ನೆನಪಿರದ ಒಂದು ಕೆಲಸ ಅವರ ಬಾಯಿಂದ ಬಂದರೆ ಅಲಗು ಶುಭ್ರವಾಗಿದೆ. ಆಗ ಪಿನ್ನು ಬಿಚ್ಚಿ ಎರಡನೆಯ ಹಂತದ ಪುಟವನ್ನು ಓದಬಹುದು, ಮತ್ತು ದೊಡ್ಡ ತೀರ್ಮಾನಗಳು ಬಾಕಿ ಇದ್ದರೆ ಈಗ ಅವುಗಳ ಬಗ್ಗೆ ಮಾತುಕತೆ ಆರಂಭಿಸಬಹುದು.

ಉತ್ತರ ಬರಲಿಲ್ಲವೆಂದರೆ ನಾಲ್ಕನೆಯ ಹಂತದ ತರಗತಿಯನ್ನು ಮುಂದುವರಿಸುತ್ತ ಮೂರನೆಯ ಹಂತಕ್ಕೆ ಹಿಂದಿರುಗಿ: ಅದೇ ಉಪಕರಣ, ಅದೇ ಹೊತ್ತು, ಮತ್ತೆ 21 ದಿನ.